ಮೇಲಿನ ನಿ

ಗೌಸ್ ಚಾಚಾ ನಮ್ಮ ಮದ್ದೂರಿನ ಆರ್ಕೆಸ್ಟ್ರಾದಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ನನ್ನ ಕೀಬೋರ್ಡಿಗೆ ಲ್ಯಾಪ್‌ಟಾಪ್ ಜೋಡಿಸಿ, ಅವರ ಒಂದೊಂದು ಸ್ವರವನ್ನೂ ರೆಕಾರ್ಡ್ ಮಾಡಿ ಒಂದೊಂದು ಕೀಗೆ ತುಂಬಿಕೊಳ್ಳಲೆಂದು ರೂಮಿಗೆ ಕರೆಸಿ ಊದಿಸಿದ್ದೆ. ಮೇಲಿನ ನಿ ಒಂದು ಉಳಿಯಿತು.

“ತುಟಿ ಒಣ್ಗೋಯ್ತು ಕಣ್ಲಾ. ಅದೊಂದ್ನ ನಾಳೆ ಊದ್ತೀನಿ, ಮರೀದೆ ಫೋನ್ ಮಾಡು” ಎಂದರು.

ನಾನು ಮಾಡಲಿಲ್ಲ. ಇದ್ದ ಸ್ವರಗಳಲ್ಲೇ ಕೆಲಸ ನಡೆಯಿತು. ಕಾರ್ಯಕ್ರಮಗಳಿಗೂ ಅವರನ್ನು ಕರೆಯುವುದು ಬಿಟ್ಟೆ. ಆರು ತಿಂಗಳಲ್ಲಿ ತೀರಿಕೊಂಡರು. ನಾನು ಮಣ್ಣಿಗೂ ಹೋಗಲಿಲ್ಲ. ಆ ಖಾಲಿ ಕೀಗೆ ಬೇರೆ ಸ್ವರ ತುಂಬಲು ಮಾತ್ರ ಮನಸ್ಸಾಗಲಿಲ್ಲ, ಒತ್ತಿದರೆ ಮೌನ.

ಮೊನ್ನೆ ಭಾನುವಾರ ಮಳವಳ್ಳಿಯಲ್ಲಿ ಬೀಗರೂಟ, ಮಟಮಟ ಮಧ್ಯಾಹ್ನ. ಕೀಬೋರ್ಡಿನಲ್ಲಿ ಚಾಚಾನ ಕ್ಲಾರಿನೆಟ್ ಸ್ವರಗಳನ್ನು ನುಡಿಸುತ್ತಿದ್ದೆ. ಪ್ರತಿ ಸ್ವರಕ್ಕೂ ಮೊದಲು ಯಾರೋ ಉಸಿರೆಳೆದುಕೊಳ್ಳುವ ಸದ್ದು. ರೆಕಾರ್ಡಿಂಗಿನಿಂದ ಆ ಉಸಿರುಗಳನ್ನೆಲ್ಲ ನಾನೇ ಕತ್ತರಿಸಿ ತೆಗೆದಿದ್ದೆ. ಫ್ಯಾನಿನ ಕೆಳಗೇ ಕೂತಿದ್ದರೂ ಎಡಗಿವಿ ಮಾತ್ರ ಬೆಚ್ಚಗಾಯಿತು. ಬೆರಳು ತಪ್ಪಿ ಖಾಲಿ ಕೀ ಮೇಲೆ ಬಿತ್ತು.

ನಿ ನುಡಿಯಿತು, ತುಸು ಒಣಗಿದ ದನಿಯಲ್ಲಿ.

ಹಾಡುತ್ತಿದ್ದ ಅಮೃತ ತಿರುಗಿ, “ಚಾಚಾನ ಕೈಲಿ ಅದ್ನೂ ಊದಿಸ್ಕಂಡಿದ್ದಾ? ಬಲೇ ಕಳ್ಳ ಕಣೋ ನೀನು!” ಎಂದು ನಕ್ಕಳು.

ನಿನ್ನೆ ಬೀಗರೂಟದ ವಿಡಿಯೊ ಬಂತು. ಅದರಲ್ಲಿ ಆ ನಿ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇವತ್ತಿಗೂ ಇಲ್ಲ.