ಅರವತ್ತನಾಲ್ಕು ಗುಪ್ತ ಅಭಿಪ್ರಾಯಗಳು

ಆ ವಾಕ್ಯವನ್ನು ಬರೆದವಳು ತಬಸ್ಸುಮಳೇ. "ಇಪ್ಪತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಬೇಳೆ ಗಿರಣಿಗಳನ್ನು ವಾರ್ಷಿಕ ಸುರಕ್ಷತಾ ತಪಾಸಣೆಯಿಂದ ಮುಕ್ತಗೊಳಿಸಬೇಕು." ಮೂರು ವರ್ಷಗಳ ಹಿಂದೆ, ರಾಜ್ಯ ಬೇಳೆ ಗಿರಣಿ ಮಹಾಮಂಡಳದ ಆಳಂದ ಕಚೇರಿಯಲ್ಲಿ ಕುಳಿತು, ಸರ್ಕಾರಕ್ಕೆ ಸಲ್ಲಿಸುವ ಮನವಿಪತ್ರಕ್ಕಾಗಿ ಅವಳು ಅದನ್ನು ನಾಲ್ಕು ಸಲ ತಿದ್ದಿದ್ದಳು. ಸದಸ್ಯರು ಮೆಚ್ಚಿದ್ದರು. ಕಾನೂನು ಇನ್ನೂ ಬದಲಾಗಿರಲಿಲ್ಲ. ಬದಲಾಗಲಿದೆ ಎಂಬ ಸುದ್ದಿಗೇ ತಪಾಸಣೆ ಸಡಿಲಾಗಿತ್ತು. ಕಳೆದ ಫೆಬ್ರುವರಿಯಲ್ಲಿ ಜೇವರ್ಗಿಯ ಒಂದು ಗಿರಣಿಯಲ್ಲಿ, ಮೇಲೆ ರಕ್ಷಣೆಯ ಜಾಳಿಗೆಯಿಲ್ಲದೆ ತಿರುಗುತ್ತಿದ್ದ ಯಂತ್ರದ ಪಟ್ಟಾ ಅವಳ ತಮ್ಮ ಮಸೂದನ ಅಂಗಿಯ ತೋಳನ್ನು ಹಿಡಿದು ಎಳೆದುಕೊಂಡಿತು. ಆ ಗಿರಣಿಯಲ್ಲಿ ಕೆಲಸಗಾರರು ಹತ್ತೊಂಬತ್ತು ಮಂದಿ, ಮಸೂದನನ್ನೂ ಸೇರಿಸಿ.

ತಬಸ್ಸುಮ ಅಳಲಿಲ್ಲ. ಹನ್ನೊಂದನೆಯ ದಿನ ಸರಸಂಬಾದಿಂದ ಎಂದಿನ ಬಸ್ಸು ಹತ್ತಿ ಕಚೇರಿಗೆ ಬಂದಳು. ಸಾಂತ್ವನ ಹೇಳಲು ಬಂದ ಗಿರಣಿ ಮಾಲೀಕರ ಮುಂದೆ ಚಹಾ ಇಟ್ಟಳು. ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸಂಚಾಲಕ ಪಾಂಡುರಂಗರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಹತ್ತು ನಿಮಿಷ ಕುಳಿತಿದ್ದರು. ಆಮೇಲೆ ಎದ್ದುಹೋದರು. ತಪಾಸಣೆ ಬೇಡವೆಂದು ಪ್ರತಿ ಸಭೆಯಲ್ಲಿಯೂ ವಾದಿಸಿದವರು ಅವರೇ. ಅವಳಿಗೆ ಸಿಟ್ಟೂ ಬರಲಿಲ್ಲ. ಇಂಜೆಕ್ಷನ್ ಕೊಟ್ಟ ದವಡೆಯನ್ನು ಮುಟ್ಟಿ ನೋಡಿದಂತೆ, ತನ್ನ ದುಃಖವನ್ನು ಅವಳು ಹೊರಗಿನಿಂದ ಮುಟ್ಟಿ ನೋಡುತ್ತಿದ್ದಳು.

ಬೆಳಗಾವಿಯ ಅಧಿವೇಶನಕ್ಕೆ ಮೊದಲು ಮಹಾಮಂಡಳವು ಸದಸ್ಯರ ಅಭಿಪ್ರಾಯ ಕೇಳುವುದು ವಾಡಿಕೆ. ಒಂದು ನಮೂನೆ, ಅದರಲ್ಲಿ ಐದು ಬೇಡಿಕೆಗಳು. ಪ್ರತಿಯೊಂದರ ಎದುರಿನ ಚೌಕದಲ್ಲಿ ಒಂದರಿಂದ ಐದರವರೆಗೆ ಆದ್ಯತೆಯ ಅಂಕಿ ಬರೆಯಬೇಕು. ಅತಿ ಹೆಚ್ಚು ಸದಸ್ಯರು 'ಒಂದು' ಎಂದು ಗುರುತಿಸಿದ ಬೇಡಿಕೆ ಮಾತ್ರ ಮಸೂದೆಯ ರೂಪದಲ್ಲಿ ಮಂತ್ರಿಗಳ ಕೈ ಸೇರುತ್ತದೆ. ಈ ವರ್ಷವೂ ಮೊದಲನೆಯ ಸಾಲಿನಲ್ಲಿ ತಪಾಸಣೆಯಿಂದ ವಿನಾಯಿತಿ ಇತ್ತು. ಬೀದರಿನ ಕೆಲವು ಸದಸ್ಯರ ಒತ್ತಾಯದಿಂದ ಐದನೆಯದೊಂದು ಸೇರಿತ್ತು: ಎಲ್ಲ ಗಿರಣಿಗಳಲ್ಲಿಯೂ ಪಟ್ಟಾಗಳಿಗೆ ಜಾಳಿಗೆ ಕಡ್ಡಾಯ, ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ.

ಅಭಿಪ್ರಾಯ ಗುಪ್ತವಾದುದು. ನಮೂನೆಯಲ್ಲಿ ಹೆಸರಿಲ್ಲ, ಸಹಿಯಿಲ್ಲ, ತಾಲ್ಲೂಕು ಮಾತ್ರ. ಮೂರೂ ತಾಲ್ಲೂಕುಗಳ ಅರವತ್ತನಾಲ್ಕು ನಮೂನೆಗಳನ್ನು ಪಾಂಡುರಂಗರು ಸಂಗ್ರಹಿಸಿ, ಲಕೋಟೆಗೆ ಅರಗಿನ ಮುದ್ರೆ ಒತ್ತಿ ಆಳಂದದ ಕಚೇರಿಗೆ ತರುತ್ತಿದ್ದರು. ತಬಸ್ಸುಮ ಅದನ್ನು ಕಚೇರಿಯಿಂದ ಹೊರಹೋಗುವ ಟಪಾಲಿನ ಜಾವಕ ವಹಿಯಲ್ಲಿ ದಾಖಲಿಸಿ, ತೆರೆಯದೆ ಬೆಂಗಳೂರಿಗೆ ಕಳಿಸುತ್ತಿದ್ದಳು. ಎಣಿಕೆ ಅಲ್ಲಿಯೇ.

ಈ ಏರ್ಪಾಡಿನ ದೋಷ ಅವಳಿಗೆ ಒಂದು ಮಧ್ಯಾಹ್ನ, ಊಟದ ಡಬ್ಬಿ ಮುಚ್ಚುವಾಗ, ಸ್ಪಷ್ಟವಾಗಿ ಕಂಡಿತು. ಪ್ರತಿಯೊಬ್ಬ ಸದಸ್ಯನಿಗೂ ತಾನು ಬರೆದದ್ದು ಮಾತ್ರ ಗೊತ್ತು. ಒಟ್ಟು ಮೊತ್ತ ಯಾರಿಗೂ ಗೊತ್ತಿಲ್ಲ. ಲಕೋಟೆಯೇ ಬದಲಾದರೆ, ಉಳಿದವರು ಹೀಗೆ ಬರೆದಿರಬೇಕೆಂದು ಪ್ರತಿಯೊಬ್ಬನೂ ಅಂದುಕೊಂಡು ಸುಮ್ಮನಾಗುತ್ತಾನೆ. ಸುಳ್ಳನ್ನು ಅಳೆಯಲು ನಿಜದ ಅಳತೆಗೋಲು ಬೇಕು. ಅದು ಅರವತ್ತನಾಲ್ಕು ತುಂಡಾಗಿ ಮೂರು ತಾಲ್ಲೂಕುಗಳಲ್ಲಿ ಚದುರಿತ್ತು.

ಅವಳು ವಿಜ್ಞಾನದ ಪದವೀಧರೆ. ಕೆಲಸವನ್ನು ಪ್ರಯೋಗಶಾಲೆಯ ಕ್ರಮದಲ್ಲಿ ಮಾಡಿದಳು. ಖಾಲಿ ನಮೂನೆಗಳನ್ನು ಮುದ್ರಿಸಿದವಳು ತಾನೇ ಆದ್ದರಿಂದ ಕೊರತೆ ಇರಲಿಲ್ಲ. ಸರಸಂಬಾದಲ್ಲಿ ಎರಡು, ಆಳಂದದ ಬಸ್ ನಿಲ್ದಾಣದಲ್ಲಿ ಮೂರು, ಕೆಲಸದ ಮೇಲೆ ಅತನೂರಿಗೆ ಹೋದಾಗ ಎರಡು, ಹೀಗೆ ಏಳು ಪೆನ್ನು ಕೊಂಡಳು. ಕೆಲವು ಅಂಕಿಗಳು ಕನ್ನಡದವು, ಕೆಲವು ಹಳೆಯ ವ್ಯಾಪಾರಿಗಳ ಮರಾಠಿ ರೂಢಿಯವು. ನಡುಗುವ ಕೈಯವು ಆರು. ಕೆಲವನ್ನು ಜೇಬಿನಲ್ಲಿ ಇಟ್ಟಂತೆ ನಾಲ್ಕಾಗಿ ಮಡಚಿದಳು. ಕೆಲವಕ್ಕೆ ತೊಗರಿಹೊಟ್ಟಿನ ಧೂಳು ಸವರಿದಳು. ಒಂದರ ಮೇಲೆ ಚಹಾದ ಬಟ್ಟಲಿನ ವೃತ್ತ ಮೂಡಿಸಿದಳು; ಎರಡನೆಯದಕ್ಕೆ ಬೇಡವೆಂದು ನಿರ್ಧರಿಸಿದಳು.

ಎಷ್ಟು ಮಂದಿ ಐದನೆಯ ಬೇಡಿಕೆಯನ್ನು ಮೊದಲಿಗಿಡಬೇಕು? ಎಲ್ಲರೂ ಎಂದರೆ ಯಾರೂ ನಂಬರು. ಅರವತ್ತನಾಲ್ಕು ವ್ಯಾಪಾರಿಗಳು ಒಂದೇ ಮಾತಾಡುವುದು ಪ್ರಕೃತಿ ನಿಯಮಕ್ಕೇ ವಿರುದ್ಧ. ಹಿಂದಿನ ಐದು ವರ್ಷಗಳ ಅಂಕಿಗಳನ್ನು ತೆಗೆದು ನೋಡಿದಳು. ಈ ತಾಲ್ಲೂಕುಗಳಿಂದ ಒಂದು ನಮೂನೆಯೂ ಎಂದೂ ತಪ್ಪಿರಲಿಲ್ಲ, ಪೂರ್ಣ ಒಮ್ಮತವೂ ಎಂದೂ ಇರಲಿಲ್ಲ. ಮೂರರಲ್ಲಿ ಎರಡು ಪಾಲು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಬೇರೆ ಜಿಲ್ಲೆಗಳ ಒಲವನ್ನು ಫೋನಿನ ಮಾತುಗಳಿಂದ ಅಂದಾಜಿಸಿದಳು. ಮೂವತ್ತೈದು ಸಾಕೆನಿಸಿತು. ಅಂದಾಜು ತಪ್ಪಿದರೆ ಇರಲೆಂದು ಆರು ಸೇರಿಸಿದಳು. ನಲವತ್ತೊಂದು ಜಾಳಿಗೆಗೆ, ಇಪ್ಪತ್ತಮೂರು ವಿನಾಯಿತಿಗೆ. ಆ ಇಪ್ಪತ್ತಮೂರನ್ನೂ ಅಷ್ಟೇ ಎಚ್ಚರದಿಂದ ಬರೆದಳು.

ಸೋಮವಾರ ಪಾಂಡುರಂಗರು ಲಕೋಟೆ ತಂದಾಗ ಅಫಜಲಪುರದ ಗಿರಣಿ ಮಾಲೀಕ ಅನೂಪನೂ ಅಲ್ಲಿದ್ದ.

"ತಬಸ್ಸುಮ ಮೇಡಂ, ನೀವು ಬರದ್ರ ಮಂತ್ರಿ ಓದ್ತಾರ. ನಾವು ಬರದ್ರ ಅವರ ಡ್ರೈವರ್ ಸುದ್ದಾ ಓದೂದಿಲ್ಲ" ಎಂದ ಅನೂಪ.

"ನಿಮ್ಮ ನಮೂನಿ ಕೊಟ್ಟೀರೇನ್ರಿ?"

"ಕಾಕಾನ ಕಡಿ ಹೋಗೇದ. ಕಾಕಾ ಇರೂತನಕ ನಮಗೇನ್ ಚಿಂತಿರಿ?" ಎಂದು ಅನೂಪ ಪಾಂಡುರಂಗರತ್ತ ಕೈ ತೋರಿಸಿದ.

"ಬಾಯಿ ಮುಚ್ಚಲೇ, ಚಹಾ ಆರಾಕತ್ತೇದ" ಎಂದು ಪಾಂಡುರಂಗರು ಗದರಿದರು. ಲಕೋಟೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಒಂದು ಗಳಿಗೆ ಅಂಗೈ ಊರಿ, "ಜ್ವಾಪಾನ ಕಳಸವಾ" ಎಂದರು.

ಮುದ್ರೆಯ ಇನ್ನೊಂದು ಹಿತ್ತಾಳೆ ಅಚ್ಚು ಕಚೇರಿಯ ಕಪಾಟಿನಲ್ಲಿಯೇ ಇತ್ತು. ಅವಳ ಲಕೋಟೆ ಮೊದಲೇ ಸಿದ್ಧವಾಗಿ ಊಟದ ಚೀಲದಲ್ಲಿತ್ತು. ಇಬ್ಬರೂ ಮೆಟ್ಟಿಲಿಳಿದ ಮೇಲೆ ಒಂದು ಒಳಗೆ ಹೋಯಿತು, ಒಂದು ಹೊರಗೆ ಬಂತು. ನಾಲ್ಕು ಗಂಟೆಗೆ ಕೊರಿಯರ್ ಹೊರಟಿತು.

ಅಸಲಿ ಲಕೋಟೆಯನ್ನು ಅವಳು ತೆರೆಯಲಿಲ್ಲ. ಪ್ರಯೋಗಶಾಲೆಯ ಲೆಕ್ಕದಲ್ಲಿ ತೆರೆದು ನೋಡುವುದೇ ಕ್ರಮ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಸದಸ್ಯರ ಕೈಬರಹದ ಪರಿಚಯ ಅವಳಿಗಿತ್ತು. ಮಸೂದನ ಮಣ್ಣಿಗೆ ಬಂದವರಲ್ಲಿ ಯಾರ್ಯಾರು ಮತ್ತೆ ವಿನಾಯಿತಿಯ ಮುಂದೆ 'ಒಂದು' ಎಂದು ಬರೆದರು ಎಂಬುದು ತಿಳಿದುಬಿಟ್ಟರೆ, ನಾಳೆ ಅವರ ಮುಂದೆ ಚಹಾ ಇಡುವ ಕೈಯನ್ನು ನಂಬುವಂತಿರಲಿಲ್ಲ. ತಿಳಿಯದಿರುವುದೇ ಸುರಕ್ಷಿತ ಎಂದು ತೀರ್ಮಾನಿಸಿದಳು. ಮರುದಿನ ಬೆಳಿಗ್ಗೆ ಬಚ್ಚಲ ಒಲೆಗೆ ಅದನ್ನು ಹಾಗೆಯೇ ಇಟ್ಟಳು.

"ಏನ ಸುಡಾಕತ್ತಿ ಬೇ?" ಎಂದು ತಾಯಿ ಮದೀನಾಬಿ ಒಳಗಿನಿಂದ ಕೇಳಿದಳು.

"ಹಳೇ ಕಾಗದ, ಅಮ್ಮಿ."

"ನೀರು ಕಾದಾವ. ಸುಮ್ಮನ ಯಾಕ ಉರಿ ಹಾಕ್ತಿ?"

ಅರಗು ಕರಗಿ ಬೂದಿಯ ಮೇಲೆ ಹನಿಯಿತು. ಅವಳು ಬೂದಿಯನ್ನು ಕೆದಕಿ, ನೀರು ಹಾಕಿ, ಸ್ನಾನ ಮಾಡಿ ಬಸ್ಸಿಗೆ ಹೋದಳು.

ಡಿಸೆಂಬರಿನ ಮೊದಲ ವಾರ ಬೆಂಗಳೂರಿನಿಂದ ಪತ್ರ ಬಂತು. ಒಂದು ಪ್ರತಿ ಕಚೇರಿಗೆ, ಒಂದು ಸಂಚಾಲಕರಿಗೆ. ರಾಜ್ಯದ ಒಟ್ಟು ಎಣಿಕೆಯಲ್ಲಿ ವಿನಾಯಿತಿಗೆ ಮುನ್ನೂರಹದಿನೆಂಟು, ಜಾಳಿಗೆಗೆ ಮುನ್ನೂರ ಏಳು. ಹನ್ನೊಂದರ ಅಂತರ. ಮಂತ್ರಿಗಳ ಕೈಗೆ ಹೋಗುವುದು ಅವಳದೇ ಹಳೆಯ ವಾಕ್ಯ. ತಬಸ್ಸುಮ ಪತ್ರವನ್ನು ಎರಡು ಸಲ ಓದಿ ಕಡತಕ್ಕೆ ಸೇರಿಸಿದಳು. ಅಂದಾಜು ತಪ್ಪಿತ್ತು. ಆದರೆ ಗುರುತು ಉಳಿದಿರಲಿಲ್ಲ. ಮುಂದಿನ ವರ್ಷವೂ ನಮೂನೆಗಳು ಬರುತ್ತವೆ, ಲಕೋಟೆಯೂ ಬರುತ್ತದೆ ಎಂದು ಅವಳು ಯೋಚಿಸುತ್ತಿರುವಾಗ ಪಾಂಡುರಂಗರು ಮೆಟ್ಟಿಲು ಹತ್ತಿ ಬಂದರು. ಅವಳು ಚಹಾಕ್ಕೆ ಎದ್ದಳು. ಬೇಡವೆಂದು ಅವರು ಕೈಸನ್ನೆ ಮಾಡಿದರು.

ತಾಲ್ಲೂಕುವಾರು ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟು, ಅವಳತ್ತ ನೋಡದೆ, ಅವರು ಮೆಲ್ಲಗೆ ಹೇಳತೊಡಗಿದರು. "ನಮ್ಮ ಕಡಿಂದ ಇಪ್ಪತ್ತಮೂರು ಮಂದಿ ತಪಾಸಣಿ ಬ್ಯಾಡ ಅಂದಾರಂತ. ಅದ್ಹ್ಯಾಂಗ ಆಗ್ತದವಾ? ಈ ನಮೂನಿ ಯಾರೂ ತುಂಬೂದಿಲ್ಲ. ಖಾಲಿ ಹಾಳಿ ನಮ್ಮ ಮನಿಗಿ ತಂದು, ನೀವೇ ಹಾಕ್ರಿ ಕಾಕಾ ಅಂತ ಒಗದು ಹೋಗ್ತಾರ. ಹನ್ನೆರಡ ವರ್ಷದಿಂದ ಅರವತ್ತನಾಲ್ಕೂ ನಾನೇ ತುಂಬತೇನಿ. ಪ್ರತಿ ವರ್ಷ ಒಂದೀಟು ಹೆಚ್ಚುಕಡಿಮಿ ಮಾಡ್ತಿದ್ದೆ, ಖರೇ ಕಾಣ್ಲಿ ಅಂತ. ಈ ಸಲ ಮನಸ ಬರಲಿಲ್ಲ. ನನ್ನ ಹೇಣ್ತಿ ವತ್ಸಲಾ ಬಾಜೂಕ ಕುಂತು ಮಸೂದನ ಹೆಸರು ತಗೊಂಡಳು. ಅರವತ್ತನಾಲ್ಕಕ್ಕೂ ಜಾಳಿಗಿ ಮುಂದನೇ ಒಂದು ಅಂತ ಬರದೀನಿ. ಮುಂಜಾನಿ ಬೆಂಗಳೂರಿಗಿ ಫೋನ್ ಹಚ್ಚಿ ನನ್ನ ತಪ್ಪು ಒಪ್ಪಿಕೊಂಡೀನಿ. ಜಾವಕ ವಹಿ ತಗೊಂಡು ಬರ್ರಿ ಅಂದಾರ. ನನ್ನ ಕೈ ಬಿಟ್ಟ ಮ್ಯಾಲ ಆ ಲಕೋಟಿ ನಿನ್ನ ಕೈಯಾಗ ಮಾತ್ರ ಇತ್ತವಾ."