ಅಣ್ಣ ಓದಿ ಹೇಳದ ಮೇಲ್

"ಗುರುವಾರ ನಿಮಗೊಂದು ಮೇಲ್ ಹಾಕಿದ್ದೆ. ಉತ್ತರಾನೇ ಇಲ್ಲ," ಎಂದರು ಆಫೀಸಿನ ಕಂಪ್ಯೂಟರ್ ಸಪೋರ್ಟಿನವರು, ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುತ್ತ. ದನಿಯಲ್ಲಿ ಮುನಿಸಿತ್ತು.

ನನಗೆ ಕಣ್ಣು ಕಾಣುವುದಿಲ್ಲ. ಮನೆಯಲ್ಲೇ ಕೂತು ಡಾಕ್ಟರುಗಳ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುತ್ತೇನೆ. ಪರದೆಯ ಮೇಲಿರುವುದನ್ನು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ಮೂರು ವಾರದಿಂದ ಮೇಲ್ ತೆರೆದರೆ ಮಾತ್ರ ಅದಕ್ಕೆ ಬಾಯಿ ಬಿದ್ದುಹೋಗುತ್ತದೆ. ಹಾಗಾಗಿ ನನ್ನ ಮೇಲ್‌ಗಳನ್ನು ಅಣ್ಣ ಓದುತ್ತಾನೆ. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದೂ ಅವನದೇ ತೀರ್ಮಾನ. ಕೆಟ್ಟವನಲ್ಲ. ಆದರೆ ಅವನ ಅಕ್ಕರೆಯಲ್ಲಿ ನನಗೆ ಉಸಿರು ಕಟ್ಟುತ್ತದೆ.

"ಯಾವ ಮೇಲ್ ಅಣ್ಣಾ?"

"ಏನೋ ಬಂದಿತ್ತಮ್ಮ, ಮುಖ್ಯ ಏನಲ್ಲ," ಎಂದ ಅಣ್ಣ ಬಾಗಿಲ ಬಳಿಯಿಂದ. "ಓದೋಕೆ ನಾನಿದ್ದೀನಲ್ಲ ಸಾರ್, ಇದಕ್ಯಾಕೆ ಇಷ್ಟು ದೂರ ಬಂದ್ರಿ?"

"ಅವರ ಮೇಲ್ ಅವರೇ ಓದ್ಲಿ ಅಂತ."

ಎರಡು ವರ್ಷ ಫೋನಿನಲ್ಲಷ್ಟೇ ಕೇಳಿದ್ದ ದನಿ ಇಂದು ಕೈಗೆಟಕುವಷ್ಟು ಹತ್ತಿರ. ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡೆ.

ಟಕ್ ಎಂದಿತು ಒಂದು ಬಟನ್.

"ಮಾನಿಟರ್ ಆಫ್ ಮಾಡಿದೆ. ನಿಮ್ ಹೆಡ್‌ಫೋನ್ ಕೊಡಿ, ನಾನೂ ನಿಮ್ ಹಾಗೇ ಕೇಳ್ಕೊಂಡು ಹುಡುಕ್ತೀನಿ."

"ಕಣ್ಣೂ ಮುಚ್ಕೊಂಡಿದ್ದೀರಾ?"

"ಒಂದು ಮುಚ್ಚಿದೀನಿ," ಎಂದರು ಪಿಸುದನಿಯಲ್ಲಿ. "ಇನ್ನೊಂದು ನಿಮ್ಮನ್ನ ನೋಡ್ತಾ ಇದೆ."

ನನ್ನ ಕಿವಿ ಬಿಸಿಯಾಯಿತು.

ಸ್ವಲ್ಪ ಹೊತ್ತು ಕೀಗಳ ಸದ್ದು. ಆಮೇಲೆ ನಕ್ಕರು. "ಇದು ಕೆಟ್ಟಿಲ್ಲ. ಮೇಲ್‌ನಲ್ಲಿ ಮಾತ್ರ ಇದನ್ನ ಯಾರೋ ಮಲಗಿಸಿಬಿಟ್ಟಿದ್ದಾರೆ."

"ನಾನು ಓದೋವಾಗ ಅದೂ ಬಡಬಡಿಸ್ತಿತ್ತು," ಅಣ್ಣ ತಡವರಿಸಿದ. "ಸುಮ್ನಾಗ್ಲಿ ಅಂತ ಏನೇನೋ ಒತ್ತಿದೆ..."

ಮೂರು ಕೀ ಒಟ್ಟಿಗೆ ಒತ್ತಿದ ಸದ್ದು. ಹೆಡ್‌ಫೋನ್ ಮತ್ತೆ ನನ್ನ ಕೈಗೆ ಬಂತು; ಹಾಕಿಕೊಂಡರೆ ಮೇಲ್ ಮಾತಾಡಿತು. ಬಾಣದ ಕೀ ಒತ್ತುತ್ತ ಗುರುವಾರಕ್ಕೆ ಇಳಿದೆ. ಯಂತ್ರ ಔಷಧಿ ಚೀಟಿ ಓದುವಂತೆ ಓದಿತು: "ನಿಮ್ಮ ಕಂಪ್ಯೂಟರ್ ಕೆಟ್ಟರೆ ನನಗೆ ಖುಷಿ. ಫೋನ್ ಮಾಡೋಕೆ ಬೇರೆ ನೆಪ ಇಲ್ಲ. ನಿಮ್ಮನ್ನ ಪ್ರೀತಿಸ್ತೀನಿ. ಮದುವೆ ಆಗ್ತೀರಾ?"

"ಏನಂತೆ?" ಎಂದ ಅಣ್ಣ.

"ನೀನು ಓದಿದ್ದೀಯಲ್ಲ ಅಣ್ಣಾ."

ಅವನು ಬಾಗಿಲು ಬಿಟ್ಟು ನನ್ನ ಹತ್ತಿರ ಬಂದ. "ನೀನೆಲ್ಲಿ ಮೋಸ ಹೋಗ್ತೀಯೋ ಅಂತ ಹೆದರಿಕೆ ಆಯ್ತಮ್ಮ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಹೆಡ್‌ಫೋನಿನ ವೈರನ್ನು ಕಂಪ್ಯೂಟರಿನಿಂದ ಕಿತ್ತು ಉತ್ತರ ಟೈಪ್ ಮಾಡಿದೆ. ಅದೇ ಸಪ್ಪೆ ದನಿ ಈಗ ಮೂವರಿಗೂ ಕೇಳುವಂತೆ ಓದಿತು: "ಆಗ್ತೀನಿ. ಅಣ್ಣ ಇಲ್ಲೇ ಇದ್ದಾನೆ, ಅವನನ್ನ ಈಗಲೇ ಕೇಳಿ."

ಪಕ್ಕದ ಕುರ್ಚಿ ಸರಕ್ಕನೆ ಹಿಂದೆ ಸರಿಯಿತು. ಅವರು ಎದ್ದು ನಿಂತಿದ್ದರು.