ಠಾಣೆಯ ಹಿತ್ತಲಿಂದ ಹೋದ ಚಾಸಿ

2024ರ ಮಾರ್ಚ್ 12, ಬೆಳಿಗ್ಗೆ 10.20. ಹರಾಜಿನಲ್ಲಿ ಜಪ್ತಿ ಜೀಪು ಕೊಂಡಿದ್ದ ನರೇಶ್, ಕಂಟೋನ್ಮೆಂಟಿನ ಠಾಣೆಯೊಂದಕ್ಕೆ ಬಂದು ದೂರು ಕೊಟ್ಟ.

"ಮೇಡಂ, ಜೀಪೇನೋ ಇದೆ. ಕೆಳಗಿನ ಕಬ್ಬಿಣದ ಚೌಕಟ್ಟು, ಚಾಸಿನೇ ಇಲ್ಲ."

ಇನ್‌ಸ್ಪೆಕ್ಟರ್ ಯಮುನಾಗೆ ನಾಚಿಕೆಯಾಯಿತು. ಕಳವಾಗಿದ್ದು ಠಾಣೆಯ ಹಿತ್ತಲಲ್ಲೇ! ಎಫ್‌ಐಆರ್ ದಾಖಲಿಸಿ, ಪಂಚರನ್ನು ಕರೆದುಕೊಂಡು ಜನರೇಟರ್ ಷೆಡ್ಡಿನ ಹಿಂದಕ್ಕೆ ಹೋದಳು.

ಜೀಪಿನ ಬಾಡಿ ಇಟ್ಟಿಗೆಗಳ ಮೇಲೆ ಕೂದಲೆಳೆಯಷ್ಟೂ ವಾಲದೆ ಕೂತಿತ್ತು. ಬಿಚ್ಚಿದ ಬೋಲ್ಟುಗಳಿಗೆ ಗ್ರೀಸ್ ಹಚ್ಚಿ, ಯಾವುದು ಯಾವ ತೂತಿನದೆಂದು ಚೀಟಿ ಕಟ್ಟಿ, ಬಟ್ಟೆ ಚೀಲದಲ್ಲಿ ಹಾಕಿ ಸೀಟಿನ ಮೇಲಿಟ್ಟಿದ್ದರು. ಇಂಥ ಕಳ್ಳನನ್ನು ಅವಳು ಹದಿನಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಇದು ಫ್ಯಾಕ್ಟರಿ ಟೂಲ್‌ರೂಮಲ್ಲಿ ಅಚ್ಚು-ಅಳತೆ ಕೆಲಸ ಮಾಡೋರ ಕೈ. ಅಂಥವರು ಯಾರ್ರೀ ಇಲ್ಲಿಗೆ ಬಂದಿದ್ದು?"

ಕಾನ್‌ಸ್ಟೆಬಲ್ ದತ್ತು ಗೇಟಿನ ರಿಜಿಸ್ಟರ್ ತಿರುವಿದ. ಜನವರಿ 18: ಚಲುವಯ್ಯ, ನಿವೃತ್ತ ಟೂಲ್‌ರೂಮ್ ನೌಕರ, ಜನರೇಟರ್ ರಿಪೇರಿ, ನಾಲ್ಕನೇ ದಿನ. ಮಧ್ಯಾಹ್ನ 3.40ಕ್ಕೆ ಹೊರಗೆ ಹೋದದ್ದು: ಹಳೇ ಕಬ್ಬಿಣ, ತಳ್ಳುಗಾಡಿಯಲ್ಲಿ. ದತ್ತುವಿನ ಮುಖ ಪೆಚ್ಚಾಯಿತು.

"ಏನಾಯ್ತು?"

"ಆ ಗಾಡಿ ನಾನೇ ತಳ್ದೆ ಮೇಡಂ. ಪಾಪ, ವಯಸ್ಸಾದೋರು ಅಂತ."

ಲಿಂಗರಾಜಪುರದಲ್ಲಿ ಚಲುವಯ್ಯನವರ ಮನೆಯ ಮುಂದೆ ಎಪ್ಪತ್ತು ವರ್ಷ ಹಳೆಯ ಕಾರು ನಿಂತಿತ್ತು. ಯಮುನಾ ಬಗ್ಗಿ ಟಾರ್ಚ್ ಬಿಟ್ಟಳು. ಜೀಪಿನ ಚಾಸಿಯನ್ನು ಕತ್ತರಿಸಿ, ಗಿಡ್ಡ ಮಾಡಿ, ಮತ್ತೆ ಬೆಸೆದಿದ್ದರು. ಬೆರಳಾಡಿಸಿದರೂ ಜೋಡಿಸಿದ ಜಾಗ ತಿಳಿಯಲಿಲ್ಲ. ಭಲೇ ಎಂದುಕೊಂಡಳು. ನಂಬರು ಮಾತ್ರ ಇದ್ದ ಹಾಗೇ ಇತ್ತು.

"ನಂಬರ್ ಯಾಕೆ ಉಜ್ಜಿಲ್ಲ?"

"ಇನ್ನೊಬ್ಬ ಕೆಲಸಗಾರ ಅಚ್ಚು ಹೊಡೆದಿದ್ದು. ಅದನ್ನ ಅಳಿಸ್ಬಾರ್ದು ಮೇಡಂ," ಎಂದರು ಚಲುವಯ್ಯ.

"ಚಾಸಿ ಕದೀಬಹುದಾ?"

ಅವರು ತಲೆ ತಗ್ಗಿಸಿದರು. "ಇದರ ಚಾಸಿ ತುಕ್ಕು ತಿಂದು ಮುರೀತು. ಗುಜರಿಗೆ ಹಾಕಿ ಅಂದ್ರು ಎಲ್ರೂ." ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಂಜುಳಮ್ಮನ ಕಡೆ ನೋಡಿದರು. "ಮೂವತ್ತು ವರ್ಷ ಈ ಬೀದಿ ಬಸುರಿಯರನ್ನೆಲ್ಲ ಇವಳೇ ಇದರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು. ಕಾರು ನಿಂತ ದಿನದಿಂದ ಹಾಸಿಗೆ ಹಿಡಿದ್ಬಿಟ್ಲು. ಅಲ್ಲಿ ಆ ಜೀಪು ಸುಮ್ನೆ ಬಿದ್ದಿತ್ತು. ಇದು ಮತ್ತೆ ಓಡಿದ್ಮೇಲೇ ಇವಳೂ ಎದ್ದಿದ್ದು."

ಯಮುನಾ ಟಾರ್ಚ್ ಆರಿಸಿದಳು. ಸಂಜೆ 4.30ಕ್ಕೆ ಚಲುವಯ್ಯನವರನ್ನು ಬಂಧಿಸಿ, ಕಾರಿನ ಜಪ್ತಿ ಪಂಚನಾಮೆ ಬರೆದಳು. ವಾಹನದ ಸ್ಥಿತಿ: ಅತ್ಯುತ್ತಮ.

ದತ್ತು ಗೇರು ಹಾಕಲು ಹೆಣಗಿ ಬೆವೆತ. ಮಂಜುಳಮ್ಮ ಸೆರಗು ಸಿಕ್ಕಿಸಿ ಬಂದರು. "ಇಳಿಯಪ್ಪ."

ಗಂಡನನ್ನು ಹಿಂದೆ ಕೂರಿಸಿಕೊಂಡು ಠಾಣೆಯವರೆಗೂ ಅವರೇ ಓಡಿಸಿದರು. ಹಲಸೂರು ಕೆರೆ ಪಕ್ಕದ ಹಂಪುಗಳಲ್ಲೂ ಕಾರು ಕಿರುಗುಟ್ಟಲಿಲ್ಲ. ಜೀಪಿನ ಪಕ್ಕ ನಿಲ್ಲಿಸಿ, ಕೀಲಿಕೈ ಕೊಟ್ಟರು.

"ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಮ್ಮ. ಇಲ್ದಿದ್ರೆ ಕೆಟ್ಟು ಹೋಗುತ್ತೆ."

"ನಮಗೆ ಬರಲ್ಲಮ್ಮ," ಎಂದಳು ಯಮುನಾ. "ಪ್ರತಿ ಭಾನುವಾರ ನೀವೇ ಬಂದು ಮಾಡಿ."